ಅಬಿಡ್ಸ್‌ನಿಂದ ರೆಸಿಡೆನ್ಸಿಯವರೆಗೆ

ಹೈದರಾಬಾದಿನ ಅಬಿಡ್ಸ್ ಪೇಟೆಗೆ ಆ ಹೆಸರು ಬಂದದ್ದು ಯಾವ ದೇವರಿಂದಲೂ ಅಲ್ಲ, ದೊರೆಯಿಂದಲೂ ಅಲ್ಲ. ದೊರೆಗೆ ಉಡುಪು ತೊಡಿಸುತ್ತಿದ್ದ ಒಬ್ಬ ಸೇವಕನಿಂದ. ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಬಳಿ ಆಲ್ಬರ್ಟ್ ಅಬಿಡ್ ಎಂಬಾತ ಇದ್ದನು. ನಿಜಾಮನ ಬಟ್ಟೆಬರೆಗಳ ಉಸ್ತುವಾರಿ ಆತನದು. ಆತನೇ ಇಲ್ಲಿ ಒಂದು ಅಂಗಡಿಯನ್ನು ತೆರೆದನು. ಜನ ಅದನ್ನು ‘ಅಬಿಡ್ ಅಂಗಡಿ’ ಎಂದರು. ಅಂಗಡಿ ಹೋಯಿತು, ಅಂಗಡಿಕಾರ ಹೋದ, ನಿಜಾಮರೂ ಹೋದರು; ಹೆಸರು ಮಾತ್ರ ಉಳಿಯಿತು. ಇಂದು ಆಟೋದವನಿಗೆ ‘ಅಬಿಡ್ಸ್’ ಎಂದರೆ ಸಾಕು, ಜನರಲ್ ಪೋಸ್ಟಾಫೀಸಿನ ಮುಂದೆ, ನೆಹರೂ ಪ್ರತಿಮೆಯ ವೃತ್ತದ ಬಳಿ ತಂದು ಇಳಿಸುತ್ತಾನೆ.

ಮಹಬೂಬ್ ಅಲಿ ಖಾನ್ (1866–1911) ಒಮ್ಮೆ ತೊಟ್ಟ ಉಡುಪನ್ನು ಮತ್ತೆ ತೊಡುತ್ತಿರಲಿಲ್ಲವೆಂದು ಪ್ರತೀತಿ. ಹಾಗೆ ಬಿಟ್ಟದ್ದೆಲ್ಲ ಸೇವಕನ ಪಾಲು. ಅದನ್ನು ಅಬಿಡ್ ತನ್ನ ಅಂಗಡಿಯಲ್ಲಿಟ್ಟು ಮಾರುತ್ತಿದ್ದನೆಂದೂ, ಕೆಲವೊಮ್ಮೆ ಅದೇ ಸಾಮಾನು ಹೊಸ ಬೆಲೆ ಕಟ್ಟಿಸಿಕೊಂಡು ತಿರುಗಿ ಅರಮನೆಗೇ ಹೋಗುತ್ತಿತ್ತೆಂದೂ ಊರವರು ನಗುತ್ತ ಹೇಳುವುದುಂಟು. ಇದು ಕಟ್ಟುಕಥೆ ಇದ್ದೀತು. ಆದರೆ ಪುರಾನಿ ಹವೇಲಿಯಲ್ಲಿ ಈ ನಿಜಾಮನ ಬಟ್ಟೆಯ ಕಪಾಟನ್ನು ನೋಡಿಬಂದವರಿಗೆ ಕಥೆಯನ್ನು ತಳ್ಳಿಹಾಕುವ ಧೈರ್ಯ ಬಾರದು. ಆ ಕಪಾಟಿನ ಉದ್ದ 150 ಅಡಿಗೂ ಹೆಚ್ಚು!

ಇದೇ ದೊರೆಯ ಇನ್ನೊಂದು ವ್ಯವಹಾರ ಲೋಕಪ್ರಸಿದ್ಧವಾದದ್ದು. 1891ರಲ್ಲಿ ಸಿಮ್ಲಾದ ರತ್ನವ್ಯಾಪಾರಿ ಅಲೆಕ್ಸಾಂಡರ್ ಮಾಲ್ಕಮ್ ಜೇಕಬ್ ಒಂದು ಭಾರಿ ವಜ್ರವನ್ನು ನಿಜಾಮನಿಗೆ ತಂದು ತೋರಿಸಿದನು. ನಡುವೆ ಓಡಾಡಿದವನು ನಮ್ಮ ಅಬಿಡ್. ನಿಜಾಮ ಮುಂಗಡ ಕೊಟ್ಟದ್ದೂ ಆಯಿತು, ಆಮೇಲೆ ಬೇಡವೆಂದದ್ದೂ ಆಯಿತು. ಮಾತು ಬೆಳೆದು ಮೊಕದ್ದಮೆಯಾಗಿ ಕಲ್ಕತ್ತೆಯ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಜೇಕಬ್ ನಿರ್ದೋಷಿಯೆಂದು ತೀರ್ಪಾಯಿತು. ಆದರೆ ಅವನ ವ್ಯಾಪಾರ ಅಲ್ಲಿಗೇ ಮುಳುಗಿತು. ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದ ಸುಮಾರು 184 ಕ್ಯಾರೆಟ್ಟಿನ ಆ ವಜ್ರವನ್ನು ನಿಜಾಮ ತನ್ನ ಪಾದರಕ್ಷೆಯ ಮೂತಿಯಲ್ಲಿ ತುರುಕಿ ಮರೆತನಂತೆ. ಮಗ ಉಸ್ಮಾನ್ ಅಲಿ ಖಾನ್ ಅದನ್ನು ಕಂಡು, ಕಾಗದ ಹಾರದಂತೆ ಮೇಲಿಡುವ ಗುಂಡಿನಂತೆ ಬಳಸಿದನಂತೆ. 1995ರಲ್ಲಿ ಭಾರತ ಸರಕಾರ ನಿಜಾಮರ ಒಡವೆಗಳನ್ನು ಸುಮಾರು 218 ಕೋಟಿ ರೂಪಾಯಿಗೆ ಕೊಂಡಾಗ ಈ ವಜ್ರವೂ ಅದರಲ್ಲಿ ಸೇರಿ ಬಂದಿತು.

ಒಬ್ಬನ ಬಾಳನ್ನು ಮುಳುಗಿಸಿದ ವಸ್ತು ಇನ್ನೊಬ್ಬನಿಗೆ ಮರೆತುಹೋಗುವಷ್ಟು ಹಗುರ! ಐಶ್ವರ್ಯಕ್ಕೆ ಇಂಥದೊಂದು ಮರೆವು ಅಂಟಿಕೊಂಡೇ ಇರುತ್ತದೆಯೋ ಏನೋ. ಈ ಪ್ರಶ್ನೆ ನಮ್ಮೊಳಗೆ ಚರ್ಚೆಗೆ ಬಂದದ್ದು ಅಬಿಡ್ಸ್‌ನ ಕಾಲುದಾರಿಯ ಮೇಲೆ, ಒಂದು ಪುಸ್ತಕದ ನೆಪದಲ್ಲಿ.

ಅಬಿಡ್ಸ್‌ಗೆ ಹೋಗುವುದಾದರೆ ಭಾನುವಾರ ಹೋಗಬೇಕು. ಅಂದು ದೊಡ್ಡ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಮುಚ್ಚಿದ ಬಾಗಿಲುಗಳ ಮುಂದೆ ಕಾಲುದಾರಿಯ ಉದ್ದಕ್ಕೂ ಹಳೆಯ ಪುಸ್ತಕದವರು ತಾಡಪಾಲು ಹಾಸಿ ಕುಳಿತಿರುತ್ತಾರೆ. ವೈದ್ಯಶಾಸ್ತ್ರದ ಗ್ರಂಥದ ಪಕ್ಕದಲ್ಲಿ ಅಡುಗೆಯ ಪುಸ್ತಕ, ಉರ್ದು ದಿವಾನ್‌ಗಳ ಪಕ್ಕದಲ್ಲಿ ಎಂಜಿನಿಯರಿಂಗ್ ಪ್ರವೇಶಪರೀಕ್ಷೆಯ ಪ್ರಶ್ನೋತ್ತರ. ನೆಲಕ್ಕೆ ಬಗ್ಗಿದವನಿಗೆ ಮಾತ್ರ ಇಲ್ಲಿ ಸರಸ್ವತಿ ಒಲಿಯುವುದು. ನಾವು ನಾಲ್ವರು ಹೋಗಿದ್ದೆವು: ನಾವಿಬ್ಬರು ದಂಪತಿಗಳು, ಬಿ.ಎ. ಓದುತ್ತಿರುವ ನಮ್ಮ ಅಣ್ಣನ ಮಗಳು, ಮತ್ತು ನಮ್ಮ ನೆರೆಯ ರಾಯರು. ರಾಯರು ರಾಯಚೂರಿನ ಕಡೆಯವರು. ಲೆಕ್ಕಪತ್ರದ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಯಾವ ಕಥೆ ಕೇಳಿದರೂ ಜಮಾ ಎಷ್ಟು, ಖರ್ಚು ಎಷ್ಟು ಎಂದು ವಿಚಾರಿಸುವುದು ಅವರ ಸ್ವಭಾವ.

ಹುಡುಗಿ ಆರಿಸಿದ್ದು ಕಾಲೇಜಿನಲ್ಲಿ ಪಾಠಕ್ಕಿಟ್ಟಿದ್ದ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಎಂಬ ಅಮೆರಿಕದ ಕಾದಂಬರಿ. ಎಫ್. ಸ್ಕಾಟ್ ಫಿಟ್ಸ್‌ಜೆರಾಲ್ಡ್ ಬರೆದದ್ದು. 1925ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಹೆಚ್ಚು ಮಾರಾಟವಾಗಲಿಲ್ಲ. 1940ರಲ್ಲಿ, ನಲವತ್ತನಾಲ್ಕರ ವಯಸ್ಸಿನಲ್ಲಿ, ಲೇಖಕ ತೀರಿಕೊಂಡಾಗ ಪುಸ್ತಕವನ್ನು ಜನ ಬಹುಮಟ್ಟಿಗೆ ಮರೆತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರಿಗೆಂದು ಜೇಬಿನಲ್ಲಿ ಹಿಡಿಯುವ ಆಕಾರದಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಪ್ರತಿಗಳನ್ನು ಅಚ್ಚುಹಾಕಿಸಿ ಹಂಚಿದರು. ಅಲ್ಲಿಂದ ಮುಂದೆ ಅದರ ಭಾಗ್ಯ ತೆರೆಯಿತು. 2013ರಲ್ಲಿ ಬಂದ ಚಲನಚಿತ್ರದಲ್ಲಿ ನಮ್ಮ ಅಮಿತಾಭ್ ಬಚ್ಚನ್ನರೂ ಒಂದು ಸಣ್ಣ ಪಾತ್ರ ವಹಿಸಿದ್ದಾರೆ.

ಓದದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇವೆ. ಗ್ಯಾಟ್ಸ್‌ಬಿ ಬಡ ರೈತಾಪಿ ಮನೆಯ ಹುಡುಗ. ಸೈನ್ಯದಲ್ಲಿದ್ದಾಗ ಡೇಸಿ ಎಂಬ ಶ್ರೀಮಂತರ ಮನೆಯ ಕನ್ಯೆಯನ್ನು ಮೆಚ್ಚಿದ. ಅವನು ಯುದ್ಧಕ್ಕೆ ಹೋದ. ಅವಳು ಟಾಮ್ ಎಂಬ ಕುಬೇರನನ್ನು ಮದುವೆಯಾದಳು. ಹಣವಿಲ್ಲದ್ದಕ್ಕೇ ತನಗೆ ಅವಳು ತಪ್ಪಿದಳೆಂದು ಗ್ಯಾಟ್ಸ್‌ಬಿ ಹಣದ ಹಿಂದೆ ಬಿದ್ದ. ಅಮೆರಿಕದಲ್ಲಿ ಅದು ಪಾನನಿಷೇಧದ ಕಾಲ. ಕಳ್ಳದಾರಿಯ ವ್ಯಾಪಾರದಲ್ಲಿ ಗಳಿಸಿ, ಅವಳ ಮನೆಗೆ ಎದುರಾಗಿ ಕೊಲ್ಲಿಯ ಆಚೆ ದಡದಲ್ಲಿ ಅರಮನೆಯಂಥ ಮನೆ ಮಾಡಿ, ಊರಿಗೆಲ್ಲ ಔತಣ ಹಾಕಿದ. ಅವಳು ಬಂದಳು, ಹಳೆಯ ಪ್ರೇಮ ಚಿಗುರಿತು. ಒಂದು ಸಂಜೆ ಅವನ ಕಾರನ್ನು ಅವಳು ಓಡಿಸುತ್ತಿದ್ದಾಗ, ರಸ್ತೆಗೆ ಓಡಿಬಂದ ಒಬ್ಬ ಹೆಂಗಸು ಸಿಕ್ಕಿ ಸತ್ತಳು. ಆ ಹೆಂಗಸು ಗ್ಯಾರೇಜಿನವನೊಬ್ಬನ ಹೆಂಡತಿ, ಟಾಮ್ ಇಟ್ಟುಕೊಂಡಿದ್ದವಳು. ಗ್ಯಾಟ್ಸ್‌ಬಿ ತಪ್ಪನ್ನು ತನ್ನ ಮೇಲೆ ಹೊತ್ತುಕೊಳ್ಳಲು ಸಿದ್ಧನಾದ. ಟಾಮ್ ಗ್ಯಾರೇಜಿನವನಿಗೆ ಕಾರಿನ ಒಡೆಯನ ಹೆಸರು ಹೇಳಿದ. ದುಃಖದಿಂದ ಬುದ್ಧಿಗೆಟ್ಟಿದ್ದ ಆತ ಗ್ಯಾಟ್ಸ್‌ಬಿಯನ್ನು ಕೊಂದು ತಾನೂ ಸತ್ತ. ಔತಣಕ್ಕೆ ನೂರಾರು ಮಂದಿ ಬರುತ್ತಿದ್ದರು; ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು. ಡೇಸಿಯಿಂದ ಒಂದು ಹೂವೂ ಬರಲಿಲ್ಲ. ಗಂಡಹೆಂಡಿರು ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಮೂರು ಹೆಣ ಬಿದ್ದವು. ಕಾರಣರಾದವರ ಬಾಗಿಲಿಗೆ ಸೂತಕ ತಟ್ಟಲಿಲ್ಲ.

“ಆದರೂ ಪ್ರೀತಿ ಎಂದರೆ ಅದು, ಚಿಕ್ಕಪ್ಪ. ಅವಳಿಗಾಗಿ ಅಷ್ಟು ದೊಡ್ಡ ಮನೆ!” ಎಂದಳು ಹುಡುಗಿ.

ರಾಯರು ಪುಸ್ತಕವನ್ನು ಅವಳ ಕೈಯಿಂದ ತೆಗೆದು ಹಿಂದೆಮುಂದೆ ತಿರುವಿದರು. “ಪ್ರೀತಿ ಇತ್ತು, ಖರೇ ಅದ ಅವ್ವಾ. ಖರ್ಚು ಯಾರ ಹೆಸರಿನಾಗ ಬಿತ್ತು, ಅದನ್ನ ನೋಡು. ಇಂಥಾ ಮನಿ ಒಂದು ಇಲ್ಲೇ ಕೋಠಿಯಾಗ ಅದ. ಅದರ ಕಥಿ ಇನ್ನೂರು ವರ್ಷದ್ದು. ನಡೀರಿ, ತೋರಿಸ್ತೀನಿ” ಎಂದರು.

ಅಬಿಡ್ಸ್‌ನಿಂದ ಕೋಠಿಗೆ ಹೆಚ್ಚು ದೂರವಿಲ್ಲ. ಬ್ಯಾಂಕ್ ಸ್ಟ್ರೀಟ್ ಹಿಡಿದು ನಡೆದರೆ ಮಾತು ಮುಗಿಯುವ ಮೊದಲೇ ತಲಪಬಹುದು. ಕೋಠಿ ಎಂದರೆ ದೊಡ್ಡ ಬಂಗಲೆ. ನಿಜಾಮನ ರಾಜಧಾನಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಪ್ರತಿನಿಧಿಯಾಗಿ ಕುಳಿತಿದ್ದ ರೆಸಿಡೆಂಟನ ಬಂಗಲೆಯೇ ಈ ಕೋಠಿ. ಈಗಿನ ಸುಲ್ತಾನ್ ಬಜಾರ್ ಆಗ ರೆಸಿಡೆನ್ಸಿ ಬಜಾರ್. ಬಂಗಲೆಯನ್ನು ಒಳಹೊಕ್ಕು ನೋಡಲು ನಾವು ಇನ್ನೊಂದು ದಿನ ಬರಬೇಕಾಯಿತು. ಎರಡು ದಿನದ ನೋಟವನ್ನೂ ಇಲ್ಲಿ ಒಟ್ಟಿಗೇ ಸೇರಿಸಿದ್ದೇವೆ.

ಎದುರಿಗೆ ನಿಂತಾಗ ನಮಗೆ ಮೊದಲು ತೋರಿದ್ದು, ಇದು ಹೈದರಾಬಾದಿನ ಮಣ್ಣಿನಲ್ಲಿ ಹುಟ್ಟಿದ್ದಲ್ಲ ಎಂಬುದು. ಮುಗಿಲಿಗೆ ಎದ್ದ ಬಿಳಿಯ ಕಂಬಗಳು, ವಿಶಾಲವಾದ ಮೆಟ್ಟಿಲುಗಳು, ಮೆಟ್ಟಿಲಿನ ಎರಡು ಪಕ್ಕಕ್ಕೂ ಸಿಂಹಗಳು. ಒಳಗೆ ಎತ್ತರದ ದರ್ಬಾರು ಸಭಾಂಗಣ. ಇದನ್ನು ಕಟ್ಟಲು ತೊಡಗಿದ್ದು 1803ರಲ್ಲಿ. ಕಟ್ಟಿಸಿದವನು ಜೇಮ್ಸ್ ಅಕಿಲಿಸ್ ಕಿರ್ಕ್‌ಪ್ಯಾಟ್ರಿಕ್. ನಕ್ಷೆ ಹಾಕಿದವನು ಮದರಾಸಿನ ಎಂಜಿನಿಯರ್ ದಳದ ಸ್ಯಾಮ್ಯುಯೆಲ್ ರಸೆಲ್. ಹಣ ಕೊಟ್ಟವನು ನಿಜಾಮ. ಹಣ ಕೊಟ್ಟ ಬಗೆಗೆ ಒಂದು ಕಥೆಯಿದೆ. ರೆಸಿಡೆಂಟ್ ಮೊದಲು ಬಂಗಲೆಯ ಜಾಗದ ನಕ್ಷೆಯನ್ನು ಭಾರಿ ಹಾಳೆಯ ಮೇಲೆ ಬರೆಸಿ ಒಯ್ದಾಗ ನಿಜಾಮ ಒಪ್ಪಲಿಲ್ಲ. ಆ ಹಾಳೆ ಅವನ ರಾಜ್ಯದ ನಕ್ಷೆಯಷ್ಟೇ ಅಗಲವಿತ್ತಂತೆ. ನೋಡಿದೊಡನೆ ಅರ್ಧ ರಾಜ್ಯ ಹೋಯಿತೆಂದು ಗಾಬರಿಯಾಯಿತಂತೆ. ಅದನ್ನೇ ಅಂಗೈಯಗಲದ ಕಾರ್ಡಿನ ಮೇಲೆ ಬರೆಸಿ ತಂದಾಗ ಸಂತೋಷದಿಂದ ಒಪ್ಪಿದನಂತೆ. ಕಥೆ ಕೇಳಿ ನಾವು ನಕ್ಕೆವು. ರಾಯರು ಮಾತ್ರ, “ಸಾಲದ ಕಾಗದನೂ ಹಿಂಗ ಸಣ್ಣ ಅಕ್ಷರದಾಗೇ ಇರ್ತದ” ಎಂದರು.

ಇನ್ನು ಪ್ರೇಮದ ಕಥೆ. ಕಿರ್ಕ್‌ಪ್ಯಾಟ್ರಿಕ್ 1764ರಲ್ಲಿ ಮದರಾಸಿನಲ್ಲಿ ಹುಟ್ಟಿದವನು. 1798ರಿಂದ ಸಾಯುವವರೆಗೆ ಇಲ್ಲಿ ರೆಸಿಡೆಂಟ್. ಪಾರಸಿ ಬಲ್ಲವನು, ಹೈದರಾಬಾದಿನ ಉಡುಪು, ಊಟ, ಹುಕ್ಕ ಎಲ್ಲವನ್ನೂ ಒಪ್ಪಿಕೊಂಡವನು. ನಿಜಾಮ ಅವನಿಗೆ ಹಷ್ಮತ್ ಜಂಗ್ ಎಂದು ಬಿರುದು ಕೊಟ್ಟಿದ್ದನು. ಆತ ಖೈರ್-ಉನ್-ನಿಸಾ ಎಂಬ ಕುಲೀನ ಮನೆತನದ ಹೆಣ್ಣನ್ನು ಮೆಚ್ಚಿ ಇಸ್ಲಾಂ ಸಂಪ್ರದಾಯದಂತೆ ವಿವಾಹವಾದನು. ಆಕೆ ಮುಂದೆ ದಿವಾನನಾದ ಮೀರ್ ಆಲಂನ ಬಂಧುವರ್ಗದವಳು, ಬೇರೊಬ್ಬನಿಗೆ ಗೊತ್ತಾಗಿದ್ದವಳು. ಆಗ ಆಕೆಗೆ ಹದಿನೈದರ ಆಸುಪಾಸು, ಇವನಿಗೆ ಮೂವತ್ತೈದು ದಾಟಿತ್ತು. ಅಂದಿನ ಕಾಲಕ್ಕೆ ಅದು ದೊಡ್ಡ ಮಾತಲ್ಲದಿರಬಹುದು. ಇಂದಿನ ತಂದೆತಾಯಿಗಳಾದ ನಮಗೆ ಅದು ಸಣ್ಣ ಮಾತಲ್ಲ. ಇರಲಿ. ಅಂತಃಪುರದ ಈ ಸುದ್ದಿ ಕಲ್ಕತ್ತೆಗೆ ಮುಟ್ಟಿ ಗವರ್ನರ್ ಜನರಲ್ ವೆಲ್ಲೆಸ್ಲಿ ವಿಚಾರಣೆ ನಡೆಸಿದನು. ಕಿರ್ಕ್‌ಪ್ಯಾಟ್ರಿಕ್ ಕೆಲಸ ಕಳೆದುಕೊಳ್ಳುವ ಅಂಚಿಗೆ ಬಂದನು. ಆದರೂ ಆಕೆಯನ್ನು ಬಿಡಲಿಲ್ಲ.

ಬೇಗಮಳಿಗಾಗಿ ಬಂಗಲೆಯ ಹಿಂದೆ ರಂಗಮಹಲ್ ಎಂಬ ಜನಾನಾ ಕಟ್ಟಿಸಿದನು. ರಂಗಮಹಲ್ ಈಗ ಇಲ್ಲ. ಆದರೆ ಅದರ ತೋಟವಿದ್ದ ಕಡೆ, ದೊಡ್ಡ ಬಂಗಲೆಯದೇ ಒಂದು ಪುಟ್ಟ ಪ್ರತಿಕೃತಿ, ಗೊಂಬೆಯ ಮನೆಯಂತೆ, ಇಂದಿಗೂ ಇದೆ. ಗೋಷಾದಲ್ಲಿದ್ದ ಬೇಗಂ ಮುಂಬಾಗಿಲ ಕಡೆಗೆ ಬಂದು ಬಂಗಲೆಯ ಅಂದವನ್ನು ನೋಡುವಂತಿರಲಿಲ್ಲ. ಆಕೆ ತನ್ನ ತೋಟದಲ್ಲಿಯೇ ನೋಡಲೆಂದು ಇದನ್ನು ಮಾಡಿಸಿದನೆಂದು ಹೇಳುತ್ತಾರೆ. ಇದರ ಮುಂದೆ ನಮ್ಮ ಹುಡುಗಿ ಬಹಳ ಹೊತ್ತು ನಿಂತಳು. ಗ್ಯಾಟ್ಸ್‌ಬಿಯ ಮನೆಗಿಂತ ಈ ಮೊಣಕಾಲೆತ್ತರದ ಗೋಡೆಗಳು ನಮ್ಮ ಮನಸ್ಸನ್ನೂ ಹೆಚ್ಚಾಗಿ ಹಿಡಿದವೆಂದು ಒಪ್ಪಬೇಕು. ಅಲ್ಲಿ ಪ್ರೇಯಸಿ ತನ್ನ ಐಶ್ವರ್ಯವನ್ನು ನೋಡಲೆಂಬ ಹಂಬಲ. ಇಲ್ಲಿ ನೋಡಲಾಗದವಳಿಗೆ ತೋರಿಸುವ ಅಕ್ಕರೆ.

ಆದರೆ ಈ ಅಕ್ಕರೆಯೂ ಒಂದು ಎಲ್ಲೆಯಲ್ಲಿ ನಿಂತುಬಿಟ್ಟಿತು. ದಂಪತಿಗಳಿಗೆ ಇಬ್ಬರು ಮಕ್ಕಳಾದರು: 1801ರಲ್ಲಿ ಸಾಹಿಬ್ ಆಲಂ, 1802ರಲ್ಲಿ ಸಾಹಿಬ್ ಬೇಗಂ. 1805ರಲ್ಲಿ ತಂದೆ ಆ ಮಕ್ಕಳನ್ನು ಇಂಗ್ಲೆಂಡಿನ ತನ್ನ ಮನೆಯವರ ಬಳಿಗೆ ಹಡಗು ಹತ್ತಿಸಿದನು. ಹಡಗು ಹತ್ತುವ ಮೊದಲು ಮದರಾಸಿನಲ್ಲಿ ಜಾರ್ಜ್ ಚಿನ್ನರಿ ಎಂಬ ಚಿತ್ರಕಾರ ಇಬ್ಬರ ಚಿತ್ರವನ್ನೂ ಬರೆದನು. ಹೈದರಾಬಾದಿನ ಉಡುಪಿನಲ್ಲಿ, ತಲೆಗೆ ಟೊಪ್ಪಿಗೆ ತೊಟ್ಟು ನಿಂತ ಆ ಎರಡು ಎಳೆಯ ಮುಖಗಳ ಅಚ್ಚುಚಿತ್ರವನ್ನು ನೋಡಿದ ಯಾವ ತಾಯಿಯೂ ಮರೆಯಲಾರಳು. ಅಲ್ಲಿಗೆ ಹೋದಮೇಲೆ ಅವರು ವಿಲಿಯಂ ಮತ್ತು ಕ್ಯಾಥರೀನ್ ಆದರು. ತಾಯಿಯನ್ನು ಮತ್ತೆ ಕಾಣಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಕಿರ್ಕ್‌ಪ್ಯಾಟ್ರಿಕ್ ಕಲ್ಕತ್ತೆಯಲ್ಲಿ ತೀರಿಕೊಂಡನು.

ಇನ್ನೂ ಇಪ್ಪತ್ತು ದಾಟದ ವಿಧವೆ, ಮಕ್ಕಳು ಸಮುದ್ರದಾಚೆ. ಮರುವರ್ಷ ಗಂಡನ ಸಮಾಧಿಯನ್ನು ನೋಡಲು ಆಕೆ ಅಷ್ಟು ದೂರದ ಕಲ್ಕತ್ತೆಗೆ ಪಯಣ ಮಾಡಿದಳು. ಅಲ್ಲಿ ಗಂಡನ ಕೈಕೆಳಗೆ ಕೆಲಸ ಮಾಡಿದ್ದ ಹೆನ್ರಿ ರಸೆಲ್ ಆಕೆಗೆ ಆಸರೆಯಾದನು, ಆಸರೆ ಅನುರಾಗವಾಯಿತು. ಈ ಕಾರಣಕ್ಕೆ ಮೀರ್ ಆಲಂ ಆಕೆ ಹೈದರಾಬಾದಿಗೆ ಹಿಂತಿರುಗುವುದನ್ನೇ ತಡೆದನು. ಮಚಲೀಪಟ್ಟಣದ ಕಡಲತೀರದಲ್ಲಿ ಆಕೆ ರಸೆಲನ ದಾರಿ ನೋಡುತ್ತ ಉಳಿದಳು. ರಸೆಲ್ ಮದರಾಸಿಗೆ ಹೋದನು. 1808ರಲ್ಲಿ ಅಲ್ಲಿ ಬೇರೊಬ್ಬಳನ್ನು ಮದುವೆಯಾದನು. ಈ ಪತ್ರಗಳನ್ನೆಲ್ಲ ಶೋಧಿಸಿ ವಿಲಿಯಂ ಡಾಲ್ರಿಂಪಲ್ 2002ರಲ್ಲಿ ‘ವೈಟ್ ಮೊಘಲ್ಸ್’ ಎಂಬ ದೊಡ್ಡ ಗ್ರಂಥವನ್ನು ಬರೆದಿದ್ದಾರೆ. ಬೇಗಂ ಕೊನೆಗೆ ಹೈದರಾಬಾದಿಗೆ ಬಂದಳು. 1813ರಲ್ಲಿ, ಇಪ್ಪತ್ತೇಳರ ಸುಮಾರಿಗೆ, ಸತ್ತಳು. ಅಷ್ಟರಲ್ಲಿ ರಸೆಲ್ ಇದೇ ಬಂಗಲೆಯಲ್ಲಿ ರೆಸಿಡೆಂಟನಾಗಿ ಕುಳಿತಿದ್ದನು! 1820ರವರೆಗೆ ಆ ಪೀಠದಲ್ಲಿದ್ದು ಇಂಗ್ಲೆಂಡಿಗೆ ಹೋಗಿ ಸುಖವಾಗಿ ಬಾಳಿದನು. ಚಿನ್ನರಿ ಬರೆದ ಆ ಮಕ್ಕಳ ಚಿತ್ರ ಕೂಡ ಅವನ ಮನೆಯ ಗೋಡೆಗೇ ಸೇರಿತ್ತು. ವರ್ಷಗಳು ಕಳೆದಮೇಲೆ ಆ ಮನೆಗೆ ಅತಿಥಿಯಾಗಿ ಹೋದ ಕ್ಯಾಥರೀನ್ ಗೋಡೆಯ ಮೇಲೆ ತನ್ನನ್ನೂ ಅಣ್ಣನನ್ನೂ ಕಂಡು ಅತ್ತಳೆಂದು ಹೇಳುತ್ತಾರೆ. ಹೈದರಾಬಾದಿನಲ್ಲಿ ಇನ್ನೂ ಬದುಕಿದ್ದ ಅಜ್ಜಿ ಶರಫ್-ಉನ್-ನಿಸಾಳಿಗೆ ಆಕೆ 1840ರ ನಂತರದ ವರ್ಷಗಳಲ್ಲಿ ಕಾಗದ ಬರೆದಳು. ಅಜ್ಜಿ ಪಾರಸಿಯಲ್ಲಿ ಉತ್ತರ ಬರೆಸಿದಳು. ಅವರಿಬ್ಬರೂ ಮತ್ತೆ ಒಬ್ಬರ ಮುಖವನ್ನೊಬ್ಬರು ಕಾಣಲಿಲ್ಲ.

ಕಿರ್ಕ್‌ಪ್ಯಾಟ್ರಿಕ್ ಮತ್ತು ರಸೆಲ್ ಇಬ್ಬರೂ ಪ್ರೀತಿಸಿದರು. ಇಬ್ಬರೂ ಅದೇ ಹೆಣ್ಣನ್ನು, ಅದೇ ಅಧಿಕಾರದ ನೆರಳಿನಲ್ಲಿ. ಒಬ್ಬ ತನ್ನ ಪ್ರೀತಿಗೆ ತಾನೇ ಬೆಲೆ ತೆರಲು ಸಿದ್ಧನಿದ್ದ. ಮಕ್ಕಳ ವಿಷಯದಲ್ಲಿ ಮಾತ್ರ ಬೆಲೆಯನ್ನು ತಾಯಿಯ ಮೇಲೆ ಹೊರಿಸಿದ. ಇನ್ನೊಬ್ಬ ಎಲ್ಲ ಬೆಲೆಯನ್ನೂ ಆಕೆಯ ಮೇಲೆ ಬಿಟ್ಟು ಕೈ ಕೊಡವಿಕೊಂಡ. ಅವನು ದುಷ್ಟನೆಂದು ಅವನ ಕಾಲದವರು ಹೇಳಲಿಲ್ಲ. ಡೇಸಿಯೂ ದುಷ್ಟೆಯಲ್ಲ. ಕೇಡು ಮಾಡಬೇಕೆಂಬ ಮನಸ್ಸು ಅವರಿಗಿರಲಿಲ್ಲ. ಆದ ಕೇಡನ್ನು ಹಿಂತಿರುಗಿ ನೋಡುವ ಮನಸ್ಸೂ ಇರಲಿಲ್ಲ. ಹೊಣೆಗೇಡಿತನವೆಂದರೆ ಇದೇ.

ಇಲ್ಲಿಯವರೆಗಿನದು ನಾವು ಬಲ್ಲ ಕಥೆ. ರಾಯರ ಲೆಕ್ಕ ಆರಂಭವಾದದ್ದು ಇದರ ಮುಂದೆ.

ಖೈರ್-ಉನ್-ನಿಸಾಳಿಗೆ ಫೈಜ್ ಬಕ್ಷ್ ಎಂಬ ಆಪ್ತ ಗೆಳತಿ. ಜನರಲ್ ಪಾಮರ್ ಎಂಬ ಆಂಗ್ಲ ಅಧಿಕಾರಿಯ ಬೇಗಂ. ಆಕೆಯ ಮಗ ವಿಲಿಯಂ ಪಾಮರ್ ನಿಜಾಮನ ಸೈನ್ಯದಲ್ಲಿದ್ದು, ಆಮೇಲೆ ರೆಸಿಡೆನ್ಸಿಯ ನೆರಳಿನಲ್ಲಿಯೇ ಒಂದು ಸಾಹುಕಾರಿ ಕೋಠಿಯನ್ನು ತೆರೆದನು. ಅದೇ ವಿಲಿಯಂ ಪಾಮರ್ ಕಂಪೆನಿ. ಐರೋಪ್ಯರು ದೇಶೀಯ ಅರಸರಿಗೆ ಸಾಲ ಕೊಡಬಾರದೆಂದು ಕಾಯಿದೆ ಇತ್ತು. 1816ರಲ್ಲಿ ಈ ಕಂಪೆನಿಗೆ ಅದರಿಂದ ವಿನಾಯಿತಿ ದೊರೆಯಿತು. ರೆಸಿಡೆಂಟ್ ರಸೆಲನ ಬೆಂಬಲ ಬೆನ್ನಿಗಿತ್ತು. ಮಂತ್ರಿ ಚಂದೂಲಾಲ ಕೇಳಿದಾಗಲೆಲ್ಲ ಸಾಲ. ಬಡ್ಡಿ ನೂರಕ್ಕೆ ಇಪ್ಪತ್ತೈದರವರೆಗೆ. 1820ರಲ್ಲಿ ಹಳೆಯ ಸಾಲ ತೀರಿಸಲೆಂದು 60 ಲಕ್ಷ ರೂಪಾಯಿಯ ಹೊಸ ಸಾಲ. ರಸೆಲನ ನಂತರ ಬಂದ ಚಾರ್ಲ್ಸ್ ಮೆಟ್‌ಕಾಫ್ ಈ ಲೆಕ್ಕದ ಪುಸ್ತಕಗಳನ್ನು ಬಿಡಿಸಿ ನೋಡಿ ಹೌಹಾರಿ ಗವರ್ನರ್ ಜನರಲನಿಗೆ ಬರೆದನು. ಲಂಡನ್ನಿನವರೆಗೂ ಗದ್ದಲವಾಯಿತು.

“ತೀರಿಸಿದ್ದು ಹ್ಯಾಂಗ, ಕೇಳ್ರಿ” ಎಂದು ರಾಯರು ಮರದ ಕಟ್ಟೆಯ ಮೇಲೆ ಕುಳಿತು ಬೆರಳು ಮಡಚಿದರು. ಉತ್ತರ ಸರ್ಕಾರುಗಳೆಂಬ ತೆಲುಗು ಕರಾವಳಿಯ ಜಿಲ್ಲೆಗಳಿಗಾಗಿ ಕಂಪೆನಿ ಸರಕಾರ ನಿಜಾಮನಿಗೆ ವರ್ಷಕ್ಕೆ 7 ಲಕ್ಷ ರೂಪಾಯಿ ಕೊಡಬೇಕಾಗಿತ್ತು. 1823ರಲ್ಲಿ ಆ ಹಕ್ಕನ್ನೇ ಕಂಪೆನಿ 1,16,66,666 ರೂಪಾಯಿಗೆ ಕೊಂಡುಕೊಂಡಿತು. ಆ ಹಣದಿಂದ ಪಾಮರನ ಸಾಲ ತೀರಿತು. ನೂರಕ್ಕೆ ಆರರಂತೆ ಆ ಮೊತ್ತದ ಬಡ್ಡಿ ಸರಿಯಾಗಿ ಏಳು ಲಕ್ಷ! ಅಂದರೆ ಶಾಶ್ವತವಾದ ಒಂದು ಆದಾಯವನ್ನು ಬಡ್ಡಿಯ ಹಳ್ಳಕ್ಕೆ ಸುರಿದದ್ದಾಯಿತು. ಪಾಮರ್ ಕಂಪೆನಿಯೂ ಉಳಿಯಲಿಲ್ಲ, ದಿವಾಳಿಯಾಯಿತು.

“ಹೆಸರು ಅವನದು ಪಾಮರ್. ಪಾಮರರು ಆದದ್ದು ನಾವು!” ಎಂದು ರಾಯರು ನಕ್ಕರು. ನಗುವಿನಲ್ಲಿ ಸಿಹಿ ಇರಲಿಲ್ಲ.

ರಸೆಲ್ ಇನ್ನೊಂದು ಬಾಬನ್ನೂ ಬಿಟ್ಟುಹೋಗಿದ್ದನು. ನಿಜಾಮನ ಖರ್ಚಿನಲ್ಲಿ, ಆಂಗ್ಲ ಅಧಿಕಾರಿಗಳ ಕೈಯಲ್ಲಿ, ಅವನು ಕಟ್ಟಿದ ‘ರಸೆಲ್ ಬ್ರಿಗೇಡ್’ ಬೆಳೆದು ಹೈದರಾಬಾದ್ ಕಂಟಿಂಜೆಂಟ್ ಆಯಿತು. ಅದರ ವೆಚ್ಚ ವರ್ಷಕ್ಕೆ ಸುಮಾರು 40 ಲಕ್ಷ ರೂಪಾಯಿ. ಸಂಬಳದ ಬಾಕಿ ಬೆಳೆಯುತ್ತ ಹೋಗಿ ನಿಜಾಮ ಕಂಪೆನಿಗೇ ಸಾಲಗಾರನಾದನು. 1853ರ ಮೇ ತಿಂಗಳಲ್ಲಿ ಡಾಲ್‌ಹೌಸಿಯ ಒತ್ತಾಯಕ್ಕೆ ಆ ಬಾಕಿಯ ಬಾಬತ್ತು ಬೇರಾರ್, ಧಾರಾಶಿವ, ಮತ್ತು ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ರಾಯಚೂರು ದೋಆಬನ್ನು ಬಿಟ್ಟುಕೊಡಬೇಕಾಯಿತು. ವಿಜಯನಗರದವರೂ ಬಹಮನಿಗಳೂ ಯಾವ ನೆಲಕ್ಕಾಗಿ ತಲೆಮಾರುಗಟ್ಟಲೆ ಹೋರಾಡಿದರೋ ಆ ನೆಲ ಒಂದು ಬಾಕಿಯ ಪಟ್ಟಿಯಲ್ಲಿ ಕೈ ಬದಲಾಯಿಸಿತು. 1857ರ ದಂಗೆಯಲ್ಲಿ ನಿಜಾಮ ಆಂಗ್ಲರ ಪಕ್ಷಕ್ಕೆ ನಿಂತದ್ದಕ್ಕೆ ಪ್ರತಿಫಲವಾಗಿ 1860ರಲ್ಲಿ ರಾಯಚೂರು ತಿರುಗಿ ಬಂತು. ಜತೆಗೆ ಬಂಡೆದ್ದು ನಾಶವಾದ ವೆಂಕಟಪ್ಪ ನಾಯಕನ ಸುರಪುರವೂ ನಿಜಾಮನ ಪಾಲಾಯಿತು.

ಸುರಪುರದ ಹೆಸರು ಬಂದದ್ದರಿಂದ ಒಂದು ಮಾತು. ಅಲ್ಲಿ ಬಾಲಕ ವೆಂಕಟಪ್ಪ ನಾಯಕನನ್ನು ಸಾಕಿ ಸಲಹಿ, ಅವನಿಂದ ‘ಅಪ್ಪ’ ಎಂದು ಕರೆಸಿಕೊಂಡ ಮೆಡೋಸ್ ಟೇಲರನನ್ನು ನಮ್ಮ ಜನ ಇಂದಿಗೂ ನೆನೆಯುತ್ತಾರೆ. ಈ ಟೇಲರ್ ಬೇರಾರೂ ಅಲ್ಲ, ವಿಲಿಯಂ ಪಾಮರನ ಅಳಿಯ! ಪಾಮರನ ಮಗಳು ಮೇರಿಯನ್ನು 1832ರಲ್ಲಿ ಮದುವೆಯಾದವನು. ಮಾವನ ಬಡ್ಡಿ ಯಾವ ರಾಜ್ಯದ ರೈತರನ್ನು ಹಿಂಡಿತೋ, ಅದೇ ಸೀಮೆಯ ರೈತರ ನಡುವೆ ಅಳಿಯ ಹನ್ನೆರಡು ವರ್ಷ ಕೆರೆ, ರಸ್ತೆ, ಕಂದಾಯಗಳ ಚಿಂತೆಯಲ್ಲಿ ಕಳೆದನು. ಒಂದೇ ಮನೆಯಲ್ಲಿ ಎರಡು ಬಗೆ. ಆದ್ದರಿಂದ ಐಶ್ವರ್ಯವಾಗಲಿ ಅಧಿಕಾರವಾಗಲಿ ಮನುಷ್ಯನನ್ನು ಹೊಣೆಗೇಡಿಯಾಗಿಸಲೇಬೇಕೆಂಬ ವಿಧಿಯೇನೂ ಇಲ್ಲ. ಎದುರಿಗಿರುವವರ ಮುಖವನ್ನು ನೋಡಿದವನಿಗೆ ಅದು ಸುಲಭವಲ್ಲ, ಅಷ್ಟೆ.

ಗ್ಯಾಟ್ಸ್‌ಬಿಯ ಕಥೆಯಲ್ಲಿ ಬೆಲೆ ತೆತ್ತವರು ಗ್ಯಾರೇಜಿನ ಗಂಡಹೆಂಡಿರು ಮತ್ತು ಅವರ ಮಟ್ಟದಿಂದಲೇ ಮೇಲೆ ಬಂದ ಗ್ಯಾಟ್ಸ್‌ಬಿ. ರೆಸಿಡೆನ್ಸಿಯ ಕಥೆಯಲ್ಲಿ ತೆತ್ತವರು ಒಬ್ಬ ಹುಡುಗಿ, ಎರಡು ಮಕ್ಕಳು, ಒಬ್ಬ ಅಜ್ಜಿ. ಅವರ ಹಿಂದೆ ಹೆಸರಿಲ್ಲದ ಸಾವಿರಾರು ಒಕ್ಕಲುಗಳು. ಬೊಕ್ಕಸ ಬರಿದಾದ ರಾಜ್ಯದಲ್ಲಿ ಕಂದಾಯದ ಗುತ್ತಿಗೆ ಹಿಡಿದವನು ಒಕ್ಕಲಿನ ಮೇಲೆಯೇ ಬೀಳುತ್ತಾನೆ. ಒಕ್ಕಲು ಮನೆಗೆ ಬೀಗ ಹಾಕಿ ಗುಳೆ ಹೋಗುತ್ತಾನೆ. ರಾಯಚೂರು, ಕಲಬುರಗಿ, ಬೀದರುಗಳು 1956ರ ನವೆಂಬರ್ 1ರಂದು ಕನ್ನಡನಾಡಿಗೆ ಸೇರುವಾಗ ಶಾಲೆ, ಆಸ್ಪತ್ರೆ, ನೀರಾವರಿ ಎಲ್ಲದರಲ್ಲಿಯೂ ಹಿಂದೆ ಬಿದ್ದೇ ಸೇರಿದವು. ಸಂವಿಧಾನಕ್ಕೆ 371-ಜೆ ವಿಧಿಯನ್ನು ಸೇರಿಸಿ ಆ ಸೀಮೆಗೆ ವಿಶೇಷ ಸ್ಥಾನ ಕೊಡಬೇಕೆಂಬ ಮಾತು ಪಾರ್ಲಿಮೆಂಟಿನಲ್ಲಿ ನಡೆದದ್ದು 2012ರಲ್ಲಿ. ಇದಕ್ಕೆಲ್ಲ ಪಾಮರನ ಬಡ್ಡಿಯೊಂದೇ ಕಾರಣವೆಂದರೆ ಅದು ಅನ್ಯಾಯದ ಮಾತಾದೀತು. ನಡುವೆ ಎಷ್ಟೋ ಆಳ್ವಿಕೆಗಳು, ಎಷ್ಟೋ ಬರಗಳು ಕಳೆದಿವೆ. ಆದರೆ ಮೇಲಿನವರು ಮರೆತ ಲೆಕ್ಕ ಕೆಳಗಿನವರ ಖಾತೆಯಲ್ಲಿ ಅಳಿಯುವುದಿಲ್ಲವೆಂಬುದಂತೂ ನಿಜ.

ಹೊರನಾಡುಗಳಲ್ಲಿ ನೆಲೆನಿಂತ ನಮ್ಮಂಥ ಕನ್ನಡ ಕುಟುಂಬಗಳಿಗೆ ಈ ಮಾತು ದೂರದ್ದಲ್ಲ. ನಾವು ನಿಜಾಮರೂ ಅಲ್ಲ, ರೆಸಿಡೆಂಟರೂ ಅಲ್ಲ, ನಿಜ. ಆದರೂ ಊರು ಬಿಟ್ಟು ಬಂದು ನಾಲ್ಕು ಕಾಸು ಕಂಡವರು. ನಾವು ಇಲ್ಲಿ ಹಬ್ಬ ಮಾಡುವಾಗ ಅಲ್ಲಿ ಮುದಿ ತಾಯಿಯ ಔಷಧದ ಹೊತ್ತು ನೋಡುವವನು ಒಬ್ಬ ತಮ್ಮನಿರುತ್ತಾನೆ. ಪಾಲಿನ ಮಾತು ಎತ್ತದೆ ಗದ್ದೆ ಕಾಯುವ ಒಬ್ಬ ದಾಯಾದಿ ಇರುತ್ತಾನೆ. ನಮ್ಮ ಮಕ್ಕಳನ್ನು ಎತ್ತಿ ಆಡಿಸಲು ತನ್ನ ಮಗುವನ್ನು ಮನೆಯಲ್ಲಿ ಬಿಟ್ಟುಬರುವ ಕೆಲಸದವಳು ಇರುತ್ತಾಳೆ. ವರ್ಷಕ್ಕೊಮ್ಮೆ ಆ ಖಾತೆಯನ್ನು ತೆರೆದು ನೋಡಿದರೆ ಸಾಕು. ತೀರಿಸಲಾಗದ ಸಾಲಗಳೂ ಅದರಲ್ಲಿರುತ್ತವೆ. ಆದರೆ ಸಾಲ ಉಂಟೆಂದು ತಿಳಿದವನು ರಸೆಲ್ ಆಗುವುದಿಲ್ಲ.

ಮನೆಗೆ ಹೊರಡುವ ಮುನ್ನ ಹುಡುಗಿ ರಾಯರನ್ನು, “ಹಾಗಾದರೆ ತಾತ, ಇಷ್ಟು ಚೆಂದದ ಮನೆಯನ್ನು ನೋಡಿ ಸಂತೋಷಪಡಬಾರದೇ?” ಎಂದು ಕೇಳಿದಳು.

“ಯಾಕ ಪಡಬಾರದು? ನಮ್ಮ ರೊಕ್ಕದಾಗ ಕಟ್ಯಾರ. ಚಲೋತ್ನ್ಯಾಗ ನೋಡು” ಎಂದರು ಅವರು.

ಅವರ ಮಾತಿನಂತೆ ನಾವೆಲ್ಲರೂ ಇನ್ನೊಮ್ಮೆ ಚೆನ್ನಾಗಿ ನೋಡಿದೆವು. ಇತ್ತೀಚಿನ ವರ್ಷಗಳಲ್ಲಿ ಕಟ್ಟಡದ ಜೀರ್ಣೋದ್ಧಾರ ನಡೆದು ಕಂಬಗಳು ಮತ್ತೆ ಬೆಳ್ಳಗಾಗಿವೆ. 1949ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಮಹಿಳಾ ಕಾಲೇಜು ಈ ಆವರಣಕ್ಕೆ ಬಂದಿತು. ಬೇಗಮಳು ಮುಂಬಾಗಿಲಿಗೆ ಬಾರದಿದ್ದ ಜಾಗದಲ್ಲಿ ಅಂದಿನಿಂದ ಹೆಣ್ಣುಮಕ್ಕಳು ಪುಸ್ತಕ ಹಿಡಿದು ಮುಂಬಾಗಿಲಿನಲ್ಲಿಯೇ ಓಡಾಡುತ್ತಿದ್ದಾರೆ. 2022ರಲ್ಲಿ ಕಾಲೇಜು ಮಹಿಳಾ ವಿಶ್ವವಿದ್ಯಾನಿಲಯವಾಯಿತು. 2024ರಲ್ಲಿ ಅದಕ್ಕೆ ಚಾಕಲಿ ಐಲಮ್ಮನ ಹೆಸರಿಟ್ಟರು. ಚಾಕಲಿ ಎಂದರೆ ತೆಲುಗಿನಲ್ಲಿ ಅಗಸರು. ಆಕೆ ಪಾಲಕುರ್ತಿಯ ಬಡ ಹೆಂಗಸು. ತೆಲಂಗಾಣದ ರೈತ ಹೋರಾಟದ ದಿನಗಳಲ್ಲಿ ತಾನು ಉತ್ತು ಬಿತ್ತಿದ ಹೊಲದ ಬೆಳೆ ತನ್ನದೆಂದು ದೇಶಮುಖನ ಎದುರು ನಿಂತು ಗೆದ್ದವಳು. ನಾವು ಹೊರಬರುವಾಗ ಅವಳ ಹೆಸರಿನ ಕೆಳಗೆ ಕೆಲವು ಹುಡುಗಿಯರು ನಿಂತು ಬಸ್ಸಿನ ದಾರಿ ನೋಡುತ್ತಿದ್ದರು.